ಎರಡು ವರ್ಷ ಮುಚ್ಚದ ಕಪ್ಪು ಪರದೆ

ನಮ್ಮ ಕಾರ್ಯಾಗಾರದ ಕಂಪ್ಯೂಟರಿನಲ್ಲಿ ಒಂದು ಕಪ್ಪು ಪರದೆ ಎರಡು ವರ್ಷ ನಾಲ್ಕು ತಿಂಗಳು ತೆರೆದೇ ಇತ್ತು. ಯಾರೋ ಮರೆತು ಬಿಟ್ಟದ್ದಲ್ಲ, ಬೇಕೆಂದೇ ಇಟ್ಟದ್ದು. ಯಾಕೆ ಎಂದು ಕೇಳಿದವರಿಗೆಲ್ಲ ನಾನು "ಯಂತ್ರದ ವಿಷಯ, ನಿಮಗೆ ಅರ್ಥವಾಗಲ್ಲ ಬಿಡಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಯಂತ್ರದ ವಿಷಯ ಹೌದು. ಅದಕ್ಕಿಂತ ಹೆಚ್ಚಾಗಿ ಅದು ನನ್ನ ಹಠದ ವಿಷಯ.

ನಾವು ಅಂಗಡಿಯ ಬೂಟು ಹಿಡಿಸದ ಕಾಲುಗಳಿಗೆ ಬೂಟು ಮಾಡುವವರು. ಒಂದು ಕಾಲು ಗಿಡ್ಡ ಇದ್ದವರು, ಹಿಮ್ಮಡಿ ಒಳಕ್ಕೆ ವಾಲಿದವರು, ಬೆರಳು ಕಳೆದುಕೊಂಡವರು ಆಸ್ಪತ್ರೆಯ ಚೀಟಿ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತುತ್ತಾರೆ. ಅವರಿಗೋಸ್ಕರವೇ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದ್ದೇವೆ, ಆದರೂ ಬಾಯಲ್ಲಿ ಬರುವುದು ಮೆಟ್ಟಿಲು ಎಂದೇ. ಇಂಥ ಬೂಟಿನ ಜೀವವೆಲ್ಲ ಒಳ ಅಟ್ಟೆಯಲ್ಲಿರುತ್ತದೆ, ಅಂದರೆ ಅಂಗಾಲು ಊರುವ ಮೆತ್ತನೆಯ ತಳದಲ್ಲಿ. ಅದು ಎಲ್ಲಿ ಉಬ್ಬಬೇಕು, ಎಲ್ಲಿ ತಗ್ಗಬೇಕು ಎನ್ನುವುದು ಕಾಲಿನಿಂದ ಕಾಲಿಗೆ ಬೇರೆ. ಅಪ್ಪ ಅದನ್ನು ಚರ್ಮ ಕೊಯ್ಯುವ ರಂಪಿಗೆ ಹಿಡಿದು ಕೈಯಲ್ಲೇ ಕೆತ್ತುತ್ತಿದ್ದರು. ಅವರನ್ನು ನೋಡಿ ನೋಡಿ ಮಗಳಾದ ನಾನು ಕಲಿತೆ. ಐವತ್ತು ದಾಟಿದ ಮೇಲೆ ನನ್ನ ಬಲಗೈ ಹೆಬ್ಬೆರಳ ಕೀಲು ಕೈಕೊಟ್ಟಿತು. ಆಗ ಬಂದದ್ದು ಕೆತ್ತುವ ಯಂತ್ರ, ಯಂತ್ರದ ಹಿಂದೆ ಕಂಪ್ಯೂಟರ್, ಕಂಪ್ಯೂಟರಿನ ಹಿಂದೆ ನಮ್ಮಣ್ಣ.

ಅಣ್ಣನಿಗೆ ಅಪ್ಪನ ಕಸುಬು ಹತ್ತಲಿಲ್ಲ. ಚಿಕ್ಕಂದಿನಲ್ಲಿ ಎರಡು ಸಲ ಬೆರಳು ಕೊಯ್ದುಕೊಂಡ ಮೇಲೆ ಅಪ್ಪನೇ ಅವನ ಕೈಯಿಂದ ರಂಪಿಗೆ ಕಿತ್ತುಕೊಂಡು "ನೀನು ಓದ್ಕೋ ಹೋಗಪ್ಪ" ಎಂದಿದ್ದರು. ಅವನು ಓದಿದ, ಕಚೇರಿ ಸೇರಿದ, ಆ ಕಚೇರಿ ಒಂದು ದಿನ ಬಾಗಿಲು ಹಾಕಿತು. ಯಂತ್ರ ಬಂದ ವಾರವೇ ಅವನು ನಮ್ಮಲ್ಲಿಗೆ ಬಂದದ್ದು. ಕೆತ್ತುವ ಪ್ರೋಗ್ರಾಮಿಗೆ ಚಿತ್ರ, ಗುಂಡಿ ಏನೂ ಇಲ್ಲ. ಟರ್ಮಿನಲ್ ಎನ್ನುವ ಕಪ್ಪು ಪರದೆಯನ್ನು ತೆರೆದು, ಅದರಲ್ಲಿ ಹೆಸರು ಟೈಪ್ ಮಾಡಿದರೆ ಶುರುವಾಗುತ್ತದೆ. ಅದಕ್ಕೂ ಮೊದಲು ಕೆಲವು ಸಾಲು ಟೈಪ್ ಮಾಡಬೇಕು: ಸ್ಪಂಜಿನ ಗಡಸುತನದ ಪಟ್ಟಿ ಯಾವ ಜಾಗದಲ್ಲಿದೆ, ಯಂತ್ರ ಯಾವ ತಂತಿಗೆ ಅಂಟಿಕೊಂಡಿದೆ, ಹೀಗೆ. ಆ ಸಾಲುಗಳ ಆಯುಸ್ಸು ಆ ಪರದೆ ತೆರೆದಿರುವಷ್ಟು ಹೊತ್ತು ಮಾತ್ರ. ಮುಚ್ಚಿದರೆ ಹೋಯಿತು, ಮತ್ತೆ ಮೊದಲಿನಿಂದ ಹೇಳಬೇಕು. ಅಣ್ಣ ದಿನಾ ಬೆಳಿಗ್ಗೆ ಬಂದು, ಕನ್ನಡಕ ಏರಿಸಿ, ಅವನ್ನು ಬಾಯಿಪಾಠದಿಂದ ಕುಟ್ಟಿ, "ಆಯ್ತು, ಶುರು ಮಾಡಿ" ಎನ್ನುತ್ತಿದ್ದ. ಸಂಜೆ ಮುಚ್ಚಿ ಹೋಗುತ್ತಿದ್ದ.

ಜಗಳವಾದ ದಿನ ಅವನು ಒಂದು ಗಂಟೆ ತಡವಾಗಿ ಬಂದ. ನಾಲ್ಕು ಜನ ಬೆಂಚಿನ ಮೇಲೆ ಕಾಲು ಚಾಚಿ ಕಾಯುತ್ತಿದ್ದರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು, ಅದು ಊರಿಗೇ ಗೊತ್ತು. ಅವನು ಟೈಪ್ ಮಾಡಿ ಮುಗಿಸುವವರೆಗೆ ತಡೆದುಕೊಂಡೆ. ಆಮೇಲೆ ಎಲ್ಲರ ಎದುರಿಗೇ ಅಂದುಬಿಟ್ಟೆ.

"ದಿನಕ್ಕೆ ನಾಲ್ಕಕ್ಷರ ಕುಟ್ಟೋ ಕೆಲಸ. ಅದಕ್ಕೂ ಟೈಮಿಗೆ ಬರೋಕಾಗಲ್ವಾ ನಿನಗೆ?"

ಅವನ ಮುಖ ಸಣ್ಣಗಾಯಿತು. ಎದ್ದು, ಕನ್ನಡಕವನ್ನು ಜೇಬಿಗೆ ಹಾಕಿ, ಬಾಗಿಲ ತನಕ ಹೋಗಿ ತಿರುಗಿದ.

"ಆ ಪರದೆ ಮುಚ್ಚಿದ ದಿನ ನೀನೇ ನನಗೆ ಫೋನ್ ಮಾಡ್ತೀಯ, ನೋಡ್ತಿರು."

"ಹಾಗಾದ್ರೆ ಅದು ಮುಚ್ಚೋದೇ ಇಲ್ಲ, ಹೋಗು" ಎಂದೆ.

ಆಡಿದ ಮಾತು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ನಮ್ಮಲ್ಲಿ ಅಟ್ಟೆ ಅಂಟಿಸುವವನೊಬ್ಬನಿದ್ದಾನೆ. ನಲವತ್ತರ ಮೇಲಿನವನು. ಮಾತಿಗೆ ಹಿಡಿದರೆ ಬಿಡುವುದಿಲ್ಲವಾದ್ದರಿಂದ ಎಲ್ಲರೂ ಅವನನ್ನು ಅಂಟು ಎಂದೇ ಕರೆಯುತ್ತಾರೆ. ಮೊದಲ ವಾರದಲ್ಲಿ ಅವನೇ ಪಕ್ಕದಲ್ಲಿ ಇನ್ನೊಂದು ಕಪ್ಪು ಪರದೆ ತೆರೆದು ಪ್ರೋಗ್ರಾಮಿನ ಹೆಸರು ಹೊಡೆದು ನೋಡಿದ. "ಗಡಸುತನದ ಪಟ್ಟಿ ಸಿಗಲಿಲ್ಲ" ಎಂದು ಅದು ಮುಖಕ್ಕೆ ಹೊಡೆದಂತೆ ಹೇಳಿತು. ಅಣ್ಣ ಹೇಳಿಹೋದದ್ದೆಲ್ಲ ಆ ಒಂದು ಪರದೆಗೆ ಮಾತ್ರ ಗೊತ್ತು ಎಂದು ನಮಗೆ ಅವತ್ತು ಖಾತ್ರಿಯಾಯಿತು.

ಅಂದಿನಿಂದ ಅದಕ್ಕೆ ಕೈಗೂಸಿಗೆ ಮಾಡುವಷ್ಟು ಉಪಚಾರ. ಸಂಜೆ ಮಾನಿಟರ್ ಮಾತ್ರ ಆರಿಸುವುದು, ಕಂಪ್ಯೂಟರ್ ಉಸಿರಾಡುತ್ತಲೇ ಇರಬೇಕು. ಕರೆಂಟು ಹೋದರೆ ಫ್ಯಾನು, ದೀಪ, ಟೀ ಕಾಯಿಸುವ ಕೆಟಲ್ ಎಲ್ಲದರ ಪ್ಲಗ್ ಕಿತ್ತು, ಬ್ಯಾಟರಿಯ ಪೆಟ್ಟಿಗೆಯನ್ನು ಅದೊಂದಕ್ಕೇ ಮೀಸಲಿಟ್ಟು, ನಾವು ಕತ್ತಲಲ್ಲಿ ಬೆವರುತ್ತ ಕೂರುತ್ತಿದ್ದೆವು. ಒಮ್ಮೆ ಎರಡು ಗಂಟೆ ಕರೆಂಟು ಬಾರದೆ ಎದುರಿನ ಬೇಕರಿಯ ಜನರೇಟರಿನಿಂದ ರಸ್ತೆ ದಾಟಿಸಿ ತಂತಿ ಎಳೆಸಿದ್ದೆ. ಕಂಪ್ಯೂಟರಿನ ಮೇಲೆ ದಪ್ಪಕ್ಷರದಲ್ಲಿ ಚೀಟಿ: ಮುಟ್ಟಿದರೆ ಜೋಕೆ. ಗುಡಿಸುವಾಕೆ ಆ ಮೇಜಿನ ಸುತ್ತ ಮೂರಡಿ ಬಿಟ್ಟೇ ಗುಡಿಸುತ್ತಿದ್ದಳು, ಅಲ್ಲಿ ಎರಡು ವರ್ಷದ ಧೂಳು ಹಾಯಾಗಿ ಸಂಸಾರ ಮಾಡಿಕೊಂಡಿತ್ತು. ಅಣ್ಣನ ಮನೆ ಎರಡೇ ಬಸ್ ಸ್ಟಾಪ್ ಆಚೆ. ಅವನೂ ಬರಲಿಲ್ಲ, ನಾನೂ ಹೋಗಲಿಲ್ಲ.

ಹೀಗಿರುವಾಗ ಒಂದು ಗುರುವಾರ ವಿದ್ಯುತ್ ಕಚೇರಿಯವರು ಬೀದಿಯ ಬಾಗಿಲುಗಳಿಗೆಲ್ಲ ಕಾಗದ ಅಂಟಿಸಿ ಹೋದರು. ನೆಲದಡಿಯ ಹಳೇ ಕೇಬಲ್ ಬದಲಾಯಿಸುತ್ತಾರಂತೆ. ಭಾನುವಾರ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಇಡೀ ಬಡಾವಣೆಗೆ ಕರೆಂಟಿಲ್ಲ. ನಮ್ಮ ಬ್ಯಾಟರಿ ಪೆಟ್ಟಿಗೆ ಒಂದೂವರೆ ಗಂಟೆಗಿಂತ ಹೆಚ್ಚು ಎಳೆಯುವುದಿಲ್ಲ. ಬೇಕರಿಯ ಜನರೇಟರ್ ಹೋದ ವರ್ಷವೇ ಮಾರಾಟವಾಗಿತ್ತು. ಕಾಗದವನ್ನು ಎರಡು ಸಲ ಓದಿದೆ.

ಆ ಹೊತ್ತಿಗೇ ಅಂಚೆಯಮ್ಮ ಒಳಗೆ ಬಂದರು, ಗೋಡೆ ಹಿಡಿದುಕೊಂಡು. ನಮ್ಮ ಕಡೆಯ ಬೀದಿಗಳಿಗೆಲ್ಲ ಹತ್ತೊಂಬತ್ತು ವರ್ಷದಿಂದ ನಡೆದೇ ಕಾಗದ ಹಂಚಿದಾಕೆ. ಅಂಗಾಲಿನಲ್ಲಿ ಬೆಳೆದ ಗಂಟೊಂದನ್ನು ಐದು ತಿಂಗಳ ಹಿಂದೆ ಕೊಯ್ದು ತೆಗೆದಿದ್ದರು. ಗಾಯ ಮಾಯಲು ತಡವಾಗಿತ್ತು, ಈಗ ಗಾಯದ ಜಾಗ ನೆಲಕ್ಕೆ ತಾಗಿದರೆ ಜೀವ ಹೋದಂತಾಗುತ್ತಿತ್ತು.

"ಸೋಮವಾರ ಕಾಲಿನ ಪಟ್ಟಿ ಬಿಚ್ತಾರೆ" ಎಂದರು. "ಅವತ್ತೇ ನೀವು ಕಾಲಿನ ಅಳತೆ ತಗೊಂಡು, ಬುಧವಾರ ಬೆಳಿಗ್ಗೆಗೆ ಬೂಟು ಕೊಟ್ಟುಬಿಡಿ. ಬುಧವಾರ ಡ್ಯೂಟಿಗೆ ಹೋಗಿಲ್ಲ ಅಂದ್ರೆ ನನ್ನ ಬೀದಿಗಳನ್ನ ಬೇರೆಯವರಿಗೆ ಬರೆದು, ನನ್ನನ್ನ ಒಳಗೆ ಮುದ್ರೆ ಒತ್ತೋಕೆ ಕೂರಿಸ್ತಾರಂತೆ. ಕಾಗದ ಬಂದಿದೆ. ಕೂತು ಕೆಲಸ ಮಾಡಿದ್ರೆ ನಾನು ಸತ್ತೇ ಹೋಗ್ತೀನಿ."

ಎರಡು ದಿನದಲ್ಲಿ ಒಂದು ಜೊತೆ ಒಳ ಅಟ್ಟೆ. ಯಂತ್ರಕ್ಕೆ ಅದು ಮೂರು ಗಂಟೆಯ ಕೆಲಸ. ನನ್ನ ಹೆಬ್ಬೆರಳಿಗೆ ಆರು ದಿನ, ಅದೂ ಗಾಯದ ಕೆಳಗೆ ಬೇಕಾದ ಎರಡು ಮಿಲಿಮೀಟರ್ ತಗ್ಗು ಸರಿಯಾಗಿ ಬಂದರೆ. "ಬುಧವಾರ ಬೆಳಿಗ್ಗೆ ಕೊಡ್ತೀನಿ, ಹೋಗಿ" ಎಂದು ಧೈರ್ಯವಾಗಿ ಹೇಳಿ ಕಳಿಸಿದೆ. ಅವರು ಇಳಿಜಾರು ಇಳಿಯುತ್ತಿದ್ದಂತೆ ಕಂಪ್ಯೂಟರಿನ ಮುಂದೆ ಹೋಗಿ ಕುಳಿತೆ.

ಅಂಟು ಪಕ್ಕದಲ್ಲೇ ಇದ್ದ. "ಅಕ್ಕಾ, ದೊಡ್ಡಣ್ಣನಿಗೆ ಒಂದು ಫೋನ್..."

"ಬಾಯಿ ಮುಚ್ಚು."

ಅವತ್ತು ಸಂಜೆಯವರೆಗೆ ನಾನೇ ಒದ್ದಾಡಿದೆ. ಕೀಬೋರ್ಡಿನ ಮೇಲ್ಮುಖ ಬಾಣ ಒತ್ತಿದರೆ ಹಿಂದೆ ಟೈಪ್ ಮಾಡಿದ್ದೆಲ್ಲ ಒಂದೊಂದಾಗಿ ಬರುತ್ತದೆ ಎಂದು ಗೊತ್ತಿತ್ತು. ಒತ್ತಿದೆ, ಒತ್ತಿದೆ, ಬೆರಳು ಮರಗಟ್ಟುವಷ್ಟು ಒತ್ತಿದೆ. ಬಂದದ್ದೆಲ್ಲ ಇತ್ತೀಚಿನ ನಮ್ಮದೇ ಕೆಲಸ, ಯಾರ್ಯಾರದೋ ಕಾಲುಗಳ ಹೆಸರು. ಅಣ್ಣನ ಸಾಲುಗಳು ಆ ರಾಶಿಯ ಅಡಿಯಲ್ಲಿ ಎಂದೋ ಅಳಿಸಿಹೋಗಿದ್ದವು. ಶುಕ್ರವಾರ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಫೋನ್ ಎತ್ತಿದೆ.

ಅತ್ತಿಗೆ ತೆಗೆದುಕೊಂಡರು. ನನ್ನ ದನಿ ಕೇಳಿ, "ಯಾರಿಗಾದ್ರೂ ಏನಾದ್ರೂ ಆಯ್ತಾ?" ಎಂದರು.

"ಯಾರಿಗೂ ಏನೂ ಆಗಿಲ್ಲ ಅತ್ತಿಗೆ. ಅಣ್ಣ ಇದಾನಾ?"

"ಇದಾರೆ. ಎರಡು ವರ್ಷದಿಂದ ಫೋನಿನ ಪಕ್ಕದಲ್ಲೇ ಇದಾರೆ. ತಗೋ."

ಅಣ್ಣ ಬಂದ. "ಹ್ಞೂಂ" ಎಂದ, ಅಷ್ಟೇ. ನಾನು ಉಸಿರುಬಿಡದೆ ಎಲ್ಲ ಹೇಳಿದೆ: ಭಾನುವಾರದ ಕೇಬಲ್, ಅಂಚೆಯಮ್ಮನ ಅಂಗಾಲು, ಬುಧವಾರ. ಕೊನೆಗೆ, ಕೇಳಲೇಬೇಕಾದದ್ದನ್ನೂ ಕೇಳಿದೆ. "ಆ ಸಾಲುಗಳನ್ನ ಹೇಳು. ಬರ್ಕೋತೀನಿ."

ಅವನು ಸೋತೆಯಾ ಎಂದು ಕೇಳುತ್ತಾನೆ ಎಂದುಕೊಂಡಿದ್ದೆ. ಕೇಳಲಿಲ್ಲ.

"ನೆನಪಿಲ್ಲ ಕಣೇ" ಎಂದ.

"ಏನಂದೆ?"

"ನೆನಪಿಲ್ಲ. ಒಂದು ಚೀಟಿ ಇತ್ತು, ಅವತ್ತು ಮನೆಗೆ ಬರ್ತಾ ದಾರೀಲಿ ಸಿಟ್ಟಲ್ಲಿ ಹರಿದು ಚರಂಡಿಗೆ ಹಾಕ್ದೆ. ಬೆರಳಿಗೆ ರೂಢಿಯಾಗಿತ್ತು, ತಲೇಲಿ ಉಳಿದಿಲ್ಲ. ಎರಡು ವರ್ಷ ಆಯ್ತಲ್ಲೇ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಕೇಳಿದ, ದನಿಯಲ್ಲಿ ಏನೋ ಅನುಮಾನ.

"ತಡಿ. ಭಾನುವಾರ ಮುಚ್ಚಿಹೋಗುತ್ತೆ ಅಂದೆಯಲ್ಲ. ಯಾವ ಪರದೆ?"

"ನೀನು ತೆರೆದಿದ್ದು."

"ನಾನು ತೆರೆದಿದ್ದು ಅಂದ್ರೆ? ಅವತ್ತಿಂದು?"

"ಅವತ್ತಿಂದೇ. ಮುಚ್ಚೋದೇ ಇಲ್ಲ ಅಂದಿರ್ಲಿಲ್ವಾ ನಾನು?"

ಆ ಕಡೆಯಿಂದ ಕೆಮ್ಮಿನಂಥ ಸದ್ದು ಬಂತು. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ ಮಾರಾಯ್ತಿ, ಎರಡು ವರ್ಷದಿಂದ! ನಿನ್ನ ಹಠಕ್ಕಿಷ್ಟು! ಹಾಗಾದ್ರೆ ನನ್ನನ್ನ ಯಾಕೆ ಕೇಳ್ತೀಯ, ಅದನ್ನೇ ಕೇಳು. ಹೇಳಿದ್ದನ್ನೆಲ್ಲ ಅದು ನೆನಪಿಟ್ಕೊಂಡಿರುತ್ತೆ. ಇ, ಎನ್, ವಿ. ಮೂರೇ ಅಕ್ಷರ. ಹೊಡೆದು ಎಂಟರ್ ಒತ್ತು."

ಮೂರೇ ಅಕ್ಷರ. ಒತ್ತಿದೆ. ಪರದೆಯ ತುಂಬ ಸಾಲುಗಳು ದಬದಬನೆ ಸುರಿದವು. ಸಾಲಿಗೊಂದು ಹೆಸರು, ಪಕ್ಕದಲ್ಲಿ ಅದಕ್ಕೆ ಕೊಟ್ಟ ವಿವರ. ಮುಕ್ಕಾಲು ಪಾಲು ನನಗೆ ತಲೆಬುಡ ತಿಳಿಯದ್ದು, ಕಂಪ್ಯೂಟರಿನ ಸ್ವಂತ ಸಂಸಾರ. ಜೋರಾಗಿ ಓದುತ್ತ ಹೋದೆ. "ಗಡಸುತನದ ಪಟ್ಟಿ" ಎನ್ನುವ ಹೆಸರಿನ ಸಾಲು ಬಂದಾಗ ಅಣ್ಣ ಆ ಕಡೆಯಿಂದ ಕೂಗಿಕೊಂಡ.

"ಅದೇ! ಅದು ನಂದು! ಅಲ್ಲೇ ಇದೆ ನೋಡು!"

ಹೋದ ಜೀವ ಬಂದಂತಾಯಿತು. ಅಂಟು ನನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದ, ತಟ್ಟಿದ ಕೈಯಲ್ಲಿ ಅಂಟು ಇತ್ತಾದ್ದರಿಂದ ಬಿಡಿಸಿಕೊಳ್ಳಲು ಹೊರಗೆ ಓಡಿದ. ಕರೆಂಟನ್ನು ನಂಬಲಾಗದೆ, ಬೂಟಿನ ಮಾದರಿ ಕತ್ತರಿಸುವ ಕಂದು ಕಾಗದ ಹಾಸಿಕೊಂಡು ಎಪ್ಪತ್ತಮೂರು ಸಾಲನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟೆ.

"ಈಗ ಇವನ್ನ ಒಂದು ಫೈಲಿಗೆ ಹಾಕ್ಬೇಕು" ಎಂದ ಅಣ್ಣ. "ಕಪ್ಪು ಪರದೆ ತೆರೆದಾಗೆಲ್ಲ, ಬೇರೆ ಏನು ಮಾಡೋಕೂ ಮೊದಲು ಆ ಫೈಲನ್ನ ತಾನಾಗೇ ಓದ್ಕೊಳ್ಳುತ್ತೆ. ಅದರ ಹೆಸರು ಚುಕ್ಕಿಯಿಂದ ಶುರು ಆಗುತ್ತೆ, ಅದಕ್ಕೇ ಸುಮ್ಮನೆ ನೋಡಿದ್ರೆ ಕಣ್ಣಿಗೆ ಬೀಳಲ್ಲ. ಅದರ ಕೊನೇಲಿ ಈ ಸಾಲು ಸೇರಿಸಿಬಿಟ್ರೆ ಮುಗೀತು. ಆಮೇಲೆ ಕರೆಂಟು ಹೋಗಲಿ, ಪರದೆ ಮುಚ್ಚಲಿ, ಏನೂ ಆಗಲ್ಲ. ಎರಡು ಬಾಣದ ಗುರುತು ಹಾಕಿ ಸೇರಿಸ್ಬಹುದು, ಆದ್ರೆ ಹುಷಾರು, ಒಂದೇ ಬಾಣ ಹಾಕಿದ್ರೆ ಫೈಲಲ್ಲಿರೋದೆಲ್ಲ ಒರೆಸಿಹೋಗುತ್ತೆ..."

"ಬೇಡ" ಎಂದೆ. "ಒಂದು ಬಾಣ, ಎರಡು ಬಾಣ ಅಂತ ನಾನು ತಪ್ಪು ಮಾಡ್ತೀನಿ. ನೀನೇ ಬಾ."

ಶನಿವಾರ ಬೆಳಿಗ್ಗೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನದು ಹೇಗೆ ಕಂಡಿತೋ ಅವನಿಗೆ. "ಬಾ" ಎಂದೆ, "ಬಂದೆ" ಎಂದ. ಮೇಜಿನ ಸುತ್ತಲಿನ ಧೂಳು, ಅದರ ಮೇಲಿನ ಚೀಟಿ ಎರಡನ್ನೂ ನೋಡಿ ತುಟಿ ಬಿಗಿಹಿಡಿದ. ನಗು ತಡೆದುಕೊಂಡದ್ದು ನನಗೆ ಗೊತ್ತಾಯಿತು. ಅಂಟು ಟೀ ತಂದಿಟ್ಟು, ಹೋಗದೆ ಅಲ್ಲೇ ನಿಂತ.

ಅಣ್ಣ ಹಳೇ ಪರದೆಯನ್ನು ಮುಟ್ಟಲಿಲ್ಲ. ಆ ಚುಕ್ಕಿಯ ಫೈಲನ್ನು ತೆರೆದು, ಇದ್ದದ್ದನ್ನು ಇದ್ದ ಹಾಗೇ ಬಿಟ್ಟು, ಎಲ್ಲಕ್ಕಿಂತ ಕೆಳಗೆ ಹೋಗಿ ಸಾಲುಗಳನ್ನು ಒಂದೊಂದಾಗಿ ಸೇರಿಸಿದ. ನಾಲ್ಕು ಸಾಲು. ಪ್ರತಿಯೊಂದರ ತಲೆಗೂ ಎಕ್ಸ್‌ಪೋರ್ಟ್ ಎನ್ನುವ ಪದ. ಆ ಪದ ಇಲ್ಲದಿದ್ದರೆ ಪರದೆ ತಾನು ಮಾತ್ರ ತಿಳಿದುಕೊಂಡು ಸುಮ್ಮನಿರುತ್ತದಂತೆ, ತನ್ನೊಳಗೆ ಶುರುವಾಗುವ ಪ್ರೋಗ್ರಾಮಿಗೆ ಹೇಳುವುದಿಲ್ಲವಂತೆ. ಉಳಿಸಿದ. ಆಮೇಲೆ ಪಕ್ಕದಲ್ಲಿ ಹೊಸದೊಂದು ಪರದೆ ತೆರೆದು, ಬೇರೇನೂ ಟೈಪ್ ಮಾಡದೆ, ಪ್ರೋಗ್ರಾಮಿನ ಹೆಸರು ಹೊಡೆದ.

ಶುರುವಾಯಿತು! ಪಟ್ಟಿ ಸಿಗಲಿಲ್ಲ ಎನ್ನಲಿಲ್ಲ, ಯಂತ್ರ ಕಾಣುತ್ತಿಲ್ಲ ಎನ್ನಲಿಲ್ಲ. ಅಣ್ಣ ಕುರ್ಚಿಗೊರಗಿ "ಆಯ್ತು" ಎಂದ. ಅಂಟು ತನ್ನ ಕಾಲಿನ ಅಳತೆ ಹಾಕಿ ಒಂದು ಒಳ ಅಟ್ಟೆ ಕೆತ್ತಿಸಿ ನೋಡೋಣ ಎಂದ. ಅವನ ಒಳ ಅಟ್ಟೆಗಳನ್ನು ನಾವು ಎಷ್ಟೋ ಸಲ ಮಾಡಿದ್ದೇವೆ, ಮನೆಯ ಕಾಲು. ಯಂತ್ರ ಗೊರಗೊರ ಎಂದು ಕೆತ್ತಿ ಮುಗಿಸಿತು. ಪುಡಿ ಕೊಡವಿ, ಅದನ್ನು ಕೈಗೆ ತೆಗೆದುಕೊಂಡು, ಹಿಮ್ಮಡಿಯಿಂದ ಹೆಬ್ಬೆರಳ ತನಕ ಬೆರಳಾಡಿಸಿದೆ.

"ಇದು ಸರಿಯಿಲ್ಲ" ಎಂದೆ.

"ಏನು ಸರಿಯಿಲ್ಲ? ಚೆನ್ನಾಗೇ ಬಂದಿದೆಯಲ್ಲ?"

"ದೊಡ್ಡದಾಗಿದೆ."

ಅವನಿಗೆ ನಂಬಿಕೆಯಾಗಲಿಲ್ಲ. ಅಂಟುವಿನ ಕಾಲಿನ ಮರದ ಅಚ್ಚು ತಂದು ಮೇಲಿಟ್ಟೆವು. ನಾಲ್ಕು ಮಿಲಿಮೀಟರ್ ಹೊರಗೆ. ಬೂಟಿನೊಳಗೆ ಹಾಕಿದರೆ ನಡುವೆ ಉಬ್ಬಿ ನಿಲ್ಲುತ್ತದೆ, ಗಾಯದ ಕಾಲಿಗಂತೂ ಅದು ಶೂಲ. ಅಣ್ಣ ಕಂದು ಕಾಗದ ಎಳೆದುಕೊಂಡು ಓದಿದ, ನಾಲ್ಕು ಸಾಲನ್ನೂ ಅಕ್ಷರ ಅಕ್ಷರ ಹೋಲಿಸಿದ. ಎಲ್ಲ ಸರಿಯಾಗಿಯೇ ಇದ್ದವು.

"ಇಷ್ಟೇ ಇದ್ದಿದ್ದು" ಎಂದ. "ನಾಲ್ಕೇ."

"ಅಲ್ಲ" ಎಂದೆ ನಾನು. "ಐದು."

"ನಿನಗೆ ಹೇಗೆ ಗೊತ್ತು? ನೀನು ಒಂದು ದಿನವಾದ್ರೂ ಈ ಕಡೆ ತಿರುಗಿ ನೋಡಿದೀಯಾ?"

"ನೋಡಿಲ್ಲ, ಕೇಳಿದೀನಿ. ನೀನು ಸಾಲು ಮುಗಿದಾಗೆಲ್ಲ ಎಂಟರನ್ನ ಟಕ್ ಅಂತ ಕುಟ್ತಿದ್ದೆ, ಕಿವಿ ಹಾರಿಹೋಗೋ ಹಾಗೆ. ಐದು ಸಲ ಟಕ್, ಆಮೇಲೆ ಪ್ರೋಗ್ರಾಮಿನ ಹೆಸರಿಗೆ ಒಂದು. ಆರನೇದು ಕೇಳಿಸಿದ ಮೇಲೇ ನಾನು ಸ್ಪಂಜ್ ಕೈಗೆ ತಗೊಳ್ತಾ ಇದ್ದಿದ್ದು. ದಿನಾ."

ಅವನು ನನ್ನನ್ನೇ ನೋಡಿದ. "ನೀನು ಎಣಿಸ್ತಿದ್ಯಾ?"

"ಎಣಿಸದೆ ಮತ್ತೆ? ಎಷ್ಟು ಹೊತ್ತಿಗೆ ಮುಗಿಯುತ್ತೋ ಅಂತ ಕಾಯ್ತಾ ಕೂತವಳು ಇನ್ನೇನು ಮಾಡ್ಲಿ?"

ಮೂವರೂ ಕಂದು ಕಾಗದದ ಮೇಲೆ ಬಗ್ಗಿದೆವು. ಎಪ್ಪತ್ತಮೂರು ಸಾಲಿನ ಮೇಲೂ ಬೆರಳಿಟ್ಟು ಇಳಿದೆವು. ಅಣ್ಣನ ನಾಲ್ಕು ಸಾಲುಗಳ ಹೆಸರು ಒಂದೇ ಬಗೆಯ ಅಕ್ಷರಗಳಿಂದ ಶುರುವಾಗುತ್ತಿದ್ದವು, ಅವನು ಹುಡುಕಿದ್ದೂ ಅವನ್ನೇ. ಅರವತ್ತೊಂದನೆಯದು ಒಂಟಿಯಾಗಿ ಬೇರೆ ಕಡೆ ಕುಳಿತಿತ್ತು. ಸ್ಕೇಲ್ ಎಂದು ಹೆಸರು, ಪಕ್ಕದಲ್ಲಿ ಸೊನ್ನೆ ಬಿಂದು ಒಂಬತ್ತು ಎಂಟು ಮೂರು.

ಅಣ್ಣ ಹಣೆ ಬಡಿದುಕೊಂಡ. "ಹೌದಲ್ವೇ! ಯಂತ್ರದ ಬೆಲ್ಟ್ ಬದಲಾಯಿಸಿದ ಮೇಲೆ ಎಲ್ಲಾ ಅಟ್ಟೇನೂ ಒಂಚೂರು ದೊಡ್ಡದಾಗಿ ಬರ್ತಿತ್ತು. ಮೂರು ವಾರ ಕೂತು, ಕೆತ್ತಿಸಿ ಅಳೆದು, ಕೆತ್ತಿಸಿ ಅಳೆದು ಈ ಸಂಖ್ಯೆ ಕಂಡುಹಿಡಿದಿದ್ದೆ. ಈ ಸಾಲು ಇಲ್ಲದಿದ್ರೆ ಪ್ರೋಗ್ರಾಮ್ ತಕರಾರು ಮಾಡಲ್ಲ, ಸುಮ್ಮನೆ ಒಂದು ಅಂತ ಹಿಡ್ಕೊಂಡು ಕೆತ್ತಿಬಿಡುತ್ತೆ. ಪೂರ್ತಿ ಮರೆತೇಬಿಟ್ಟಿದ್ದೆ ಕಣೇ. ಸಂಖ್ಯೆ ಬಿಡು, ಹೀಗೊಂದು ಸಾಲು ಇತ್ತು ಅನ್ನೋದೇ ಮರೆತುಹೋಗಿತ್ತು."

ಐದನೆಯ ಸಾಲು ಸೇರಿಸಿದ. ಮತ್ತೊಂದು ಹೊಸ ಪರದೆ, ಮತ್ತೊಂದು ಅಟ್ಟೆ. ಈ ಸಲ ಬೆರಳಾಡಿಸುವಾಗಲೇ ಗೊತ್ತಾಯಿತು, ಅಚ್ಚಿನ ಮೇಲಿಡುವ ಅಗತ್ಯವೇ ಇರಲಿಲ್ಲ. ಆದರೂ ಇಟ್ಟೆವು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಂಟು ಅದನ್ನು ಬೂಟಿನೊಳಗೆ ತುರುಕಿಕೊಂಡು ಕಾರ್ಯಾಗಾರದ ಉದ್ದಕ್ಕೂ ಪರೇಡ್ ಮಾಡಿದ. ನನ್ನ ಎದೆಯ ಮೇಲಿನ ಬಂಡೆ ಇಳಿದಿತ್ತು. ಇಳಿದ ಮೇಲೆ ಕೋಪ ಬಂತು, ಅದು ನನ್ನ ಸ್ವಭಾವ.

"ಹತ್ತು ನಿಮಿಷದ ಕೆಲಸ" ಎಂದೆ. "ಐದು ಸಾಲು ಒಂದು ಫೈಲಿಗೆ ಹಾಕೋದು. ಮೊದಲ ದಿನವೇ ಮಾಡಿದ್ರೆ ನೀನು ದಿನಾ ಕುಟ್ಟೋದು ತಪ್ತಿತ್ತು, ನಾನು ಎರಡು ವರ್ಷ ಈ ಪರದೆಗೆ ಕಾವಲು ಕೂರೋದೂ ತಪ್ತಿತ್ತು. ಆಗ ಇದು ಗೊತ್ತಿರ್ಲಿಲ್ವಾ ನಿನಗೆ?"

"ಗೊತ್ತಿತ್ತು."

"ಮತ್ತೆ?"

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅಂಟು, ಹುಟ್ಟಿದಾಗಿನಿಂದ ಮೊದಲ ಸಲ ಇರಬೇಕು, ಯಾರೂ ಹೇಳದೆ ತಾನಾಗಿ ಹೊರಗೆ ಹೋದ.

"ಫೈಲಿಗೆ ಹಾಕಿಬಿಟ್ಟಿದ್ರೆ ಬೆಳಿಗ್ಗೆ ನಾನು ಯಾಕೆ ಬರ್ಬೇಕಿತ್ತು?" ಎಂದ ಅಣ್ಣ. "ನಿನ್ನ ಕೈಲಿ ಅಪ್ಪನ ವಿದ್ಯೆ ಇದೆ. ಇವನ ಕೈಲಿ ಅಂಟಿದೆ. ಈ ಮನೆ ಕಸುಬಿನಲ್ಲಿ ನನ್ನದು ಅಂತ ಇದ್ದಿದ್ದು ಆ ಐದು ಸಾಲು. ಅದನ್ನೂ ಫೈಲಿಗೆ ಕೊಟ್ಟು ಕೈತೊಳ್ಕೊಂಡ್ರೆ ಆಮೇಲೆ ನಾನ್ಯಾರು ಇಲ್ಲಿ? ಅವತ್ತು ನೀನು ನಾಲ್ಕಕ್ಷರ ಕುಟ್ಟೋನು ಅಂದೆಯಲ್ಲ, ಅದು ನಿಜಾನೇ ಆಗಿತ್ತು. ಅದಕ್ಕೇ ತಡ್ಕೊಳ್ಳೋಕಾಗ್ಲಿಲ್ಲ."

ಬೈಗುಳಗಳಾದರೆ ನನ್ನ ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತಿರುತ್ತವೆ, ಇಂಥ ಹೊತ್ತಿಗೆ ಬೇಕಾದ ಮಾತು ಒಂದೂ ಬರುವುದಿಲ್ಲ. ಅವನ ಟೀ ಆರಿಹೋಗಿತ್ತು. ಎದ್ದು ಹೋಗಿ ಮತ್ತೆ ಬಿಸಿ ಮಾಡಿ ತಂದೆ. ಅಷ್ಟೇ ಆದದ್ದು ನನ್ನಿಂದ.

ಸಂಜೆ ಹಳೇ ಪರದೆಯನ್ನು ಮುಚ್ಚಬೇಕಾಯಿತು. ಹೇಗೂ ಮರುದಿನ ಕರೆಂಟು ಹೋಗಿ ತಾನಾಗೇ ಸಾಯುತ್ತದೆ, ಇರಲಿ ಬಿಡು ಎಂದ ಅಣ್ಣ. ನಾನು ಒಪ್ಪಲಿಲ್ಲ. ನಾನು ಸಾಕಿದ್ದು, ನಾನೇ ಮುಚ್ಚುತ್ತೇನೆ ಎಂದೆ. ಮೂಲೆಯ ಮುಚ್ಚುವ ಗುರುತಿನ ಮೇಲೆ ಮೌಸಿನ ಬಾಣ ತಂದಿಟ್ಟು ಎರಡು ಸಲ ಕೈ ಹಿಂದೆ ತೆಗೆದುಕೊಂಡೆ. ಮೂರನೆಯ ಸಲ ಒತ್ತಿದೆ. ಸದ್ದಿಲ್ಲದೆ ಹೋಯಿತು. ಆಮೇಲೆ ಕಂಪ್ಯೂಟರನ್ನೂ ಆರಿಸಿದೆವು. ಎರಡು ವರ್ಷದಿಂದ ಅದರ ಗುಂಯ್ ಸದ್ದು ಕೇಳಿ ಕೇಳಿ ರೂಢಿಯಾಗಿ, ಕಾರ್ಯಾಗಾರ ಇಷ್ಟು ನಿಶ್ಶಬ್ದವಾಗಿರಬಲ್ಲದು ಎನ್ನುವುದೇ ನನಗೆ ಮರೆತಿತ್ತು.

ಭಾನುವಾರ ನಾನು ಎಷ್ಟೋ ಕಾಲದ ಮೇಲೆ ಮಧ್ಯಾಹ್ನ ಮಲಗಿ ನಿದ್ದೆ ಮಾಡಿದೆ.

ಸೋಮವಾರ ಎಂಟಕ್ಕೇ ಹೋಗಿ ಬಾಗಿಲು ತೆರೆದೆ. ಕಂಪ್ಯೂಟರ್ ಹಚ್ಚಿದೆ, ಕಪ್ಪು ಪರದೆ ತೆರೆದೆ, ಪ್ರೋಗ್ರಾಮಿನ ಹೆಸರು ಹೊಡೆದೆ. ಒಂದೇ ಒಂದು ಟಕ್. ತುಟಿ ಪಿಟಿಕ್ಕೆನ್ನದೆ ಶುರುವಾಯಿತು. ನಾನೊಬ್ಬಳೇ ನಿಂತು ಗಟ್ಟಿಯಾಗಿ ನಕ್ಕೆ. ಹತ್ತಕ್ಕೆ ಅಂಚೆಯಮ್ಮ ಪಟ್ಟಿ ಬಿಚ್ಚಿಸಿಕೊಂಡು ಬಂದರು, ಅಳತೆ ತೆಗೆದೆ. ಮಧ್ಯಾಹ್ನಕ್ಕೆ ಒಳ ಅಟ್ಟೆ ಸಿದ್ಧವಾಗಿತ್ತು. ಗಾಯದ ಜಾಗದ ತಗ್ಗಿನಲ್ಲಿ ಕಿರುಬೆರಳಿಟ್ಟು ನೋಡಿದೆ, ಎರಡು ಮಿಲಿಮೀಟರ್, ಹೇಳಿ ಮಾಡಿಸಿದ ಹಾಗೆ.

ಮಂಗಳವಾರ ಸಂಜೆ ಅಂಚೆಯಮ್ಮ ಬೂಟು ಹಾಕಿ ನೋಡಲು ಬಂದರು, ಒಂದು ದಿನ ಮೊದಲೇ. ಅದೇ ಹೊತ್ತಿಗೆ ಅಣ್ಣನೂ ಬಂದ, "ಹೀಗೇ ಈ ಕಡೆ ಬಂದಿದ್ದೆ, ಎಲ್ಲಾ ಸರಿಯಾಗಿ ನಡೀತಿದೆಯಾ ಕೇಳಿ ಹೋಗೋಣ ಅಂತ" ಎಂದು ಬಾಗಿಲಲ್ಲೇ ನಿಂತ. ಅಂಚೆಯಮ್ಮ ಲೇಸು ಕಟ್ಟಿಕೊಂಡು ಎದ್ದರು. ಗೋಡೆಗೆ ಕೈ ಊರಲು ಹೋದವರು, ಅರ್ಧಕ್ಕೇ ಕೈ ತೆಗೆದರು. ಒಂದು ಹೆಜ್ಜೆ. ಇನ್ನೊಂದು. ಇಳಿಜಾರು ಇಳಿದು ರಸ್ತೆಗೆ ಹೋದರು. ಬೀದಿಯ ಕೊನೆಯವರೆಗೆ ಹೋಗಿ, ಅಲ್ಲಿ ತಿರುಗಿ, ನಮ್ಮ ಕಡೆಗೆ ನಡೆದು ಬಂದರು. ಮುಖ ನೋಡಿದರೆ ಅಳುತ್ತಿದ್ದಾರೋ ನಗುತ್ತಿದ್ದಾರೋ ಹೇಳುವಂತಿರಲಿಲ್ಲ.

"ನೋವೇ ಇಲ್ಲ ಕಣ್ರೀ" ಎಂದು ಅಷ್ಟು ದೂರದಿಂದಲೇ ಕೂಗಿದರು.

ಅಣ್ಣ ಅದನ್ನು ನೋಡುತ್ತ ನಿಂತಿದ್ದ. ಮೂರು ವಾರ ಕುಳಿತು ಕಂಡುಹಿಡಿದ ಅವನ ಸಂಖ್ಯೆ ಆಕೆಯ ಕಾಲಡಿಯಲ್ಲಿತ್ತು. ಅವನಿಗೆ ಅದು ಹೊಳೆಯಿತೋ ಇಲ್ಲವೋ. ಆಕೆ ಹೋದ ಮೇಲೆ ಅವನೂ ಹೊರಟ.

"ಸರಿ, ಬರ್ತೀನಿ. ಇನ್ನು ನಿನಗೇನೂ ತೊಂದರೆ ಇಲ್ಲ. ಯಾರು ಬೇಕಾದ್ರೂ ತೆರೀಬಹುದು, ಮುಚ್ಚಬಹುದು."

"ನಾಳೆ ಬಾ" ಎಂದೆ.

"ಬಂದು? ಟೈಪ್ ಮಾಡೋಕೆ ಏನೂ ಉಳಿದಿಲ್ವಲ್ಲ."

"ಗೊತ್ತು."

"ಮತ್ತೆ ಯಾಕೆ?"

ಈ ಸಲ ಮಾತು ಬಂತು. ಹೇಳಿಬಿಟ್ಟೆ. "ಅವತ್ತು ನಾನು ಅಂದಿದ್ದು ತಪ್ಪು. ಎರಡು ವರ್ಷ ಆ ಪರದೆ ಕಾಯ್ದಿದ್ದು ಹಠಕ್ಕೆ ಅಂತ ಎಲ್ಲರಿಗೂ ಹೇಳ್ದೆ, ನನಗೂ ಹೇಳ್ಕೊಂಡೆ. ನೀನು ಕೂತು ಮಾಡಿಟ್ಟಿದ್ದು ಇಲ್ಲಿ ಅದೊಂದೇ ಇದ್ದಿದ್ದು ಅಣ್ಣ. ಅದೂ ಹೋದ್ರೆ ನೀನು ಪೂರ್ತಿ ಹೋದ ಹಾಗೆ ಅಂತ ಹೆದರಿಕೆಯಾಗಿತ್ತು ನನಗೆ."

ಅವನು ಬಾಗಿಲಿನಿಂದ ಒಳಗೆ ಬಂದು, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತ. ಯಂತ್ರದ ಕೆಳಗೆ ಬಿದ್ದಿದ್ದ ಸ್ಪಂಜಿನ ಪುಡಿಯನ್ನು ಕಾಲಿನಿಂದ ಒಟ್ಟು ಮಾಡಿದ. ಆಮೇಲೆ ಎದ್ದು ಪೊರಕೆ ಎಲ್ಲಿದೆ ಎಂದು ಕೇಳಿದ.